ರಾತ್ರಿ ಬಸ್ಸು ನಿಲ್ಲದ ಊರು

ವಿಯೆಟ್ನಾಂ ಸುತ್ತಿ ಬಂದ ನಮ್ಮವರ ಬಾಯಲ್ಲಿ ಯುದ್ಧ ಅಂದರೆ ಒಂದೇ ಯುದ್ಧ. ಅಮೆರಿಕದವರು ಬಂದರು, ಬಾಂಬ್ ಹಾಕಿದರು, ಸೋತು ಹೋದರು. ಕೂ ಚಿ ಸುರಂಗದೊಳಗೆ ತೆವಳಿದ ಫೋಟೊ, ಹೋ ಚಿ ಮಿನ್ ನಗರದ ಮ್ಯೂಸಿಯಂ, ಅಲ್ಲಿಗೆ 1975ರಲ್ಲಿ ಕಥೆ ಮುಗಿಯುತ್ತದೆ. ಉತ್ತರದ ತುದಿಯ ಹಾ ಜಿಯಾಂಗ್‌ವರೆಗೂ ಹೋಗಿ ಬಂದವರು ಹೇಳುವುದು ರಸ್ತೆಯ ಬಗ್ಗೆ, ಕಣಿವೆಯ ಬಗ್ಗೆ, ಬೈಕಿನ ಬಗ್ಗೆ. ಅದರಲ್ಲಿ ತಪ್ಪೇನಿಲ್ಲ. ಅಷ್ಟು ಚೆಂದದ ರಸ್ತೆಯನ್ನು ನಾನೂ ಬೇರೆಲ್ಲೂ ನೋಡಿಲ್ಲ. ಆದರೆ ಆ ಪ್ರವಾಸದ ಒಂದು ವಿಷಯ ಊರಿಗೆ ಬಂದ ಮೇಲೂ ನನ್ನನ್ನು ಬಿಟ್ಟಿಲ್ಲ.

ಹನೋಯ್‌ನಿಂದ ಹಾ ಜಿಯಾಂಗ್ ಪಟ್ಟಣಕ್ಕೆ ಸುಮಾರು 300 ಕಿಲೋಮೀಟರ್. ಬಹಳಷ್ಟು ಪ್ರವಾಸಿಗರು ರಾತ್ರಿಯ ಸ್ಲೀಪರ್ ಬಸ್ ಹಿಡಿಯುತ್ತಾರೆ. ಬೆಳಗಾಗುವ ಮೊದಲೇ ಊರು ಸೇರಿ, ಸ್ವಲ್ಪ ಹೊತ್ತು ಮಲಗಿ, ತಿಂಡಿ ತಿಂದು ಬೈಕ್ ಹತ್ತುತ್ತಾರೆ. ಪಟ್ಟಣ ಇನ್ನು 18 ಕಿಲೋಮೀಟರ್ ಇರುವಾಗ ಆ ಬಸ್ಸು ಒಂದು ಸ್ಮಶಾನದ ಮುಂದೆ ಹಾದುಹೋಗುತ್ತದೆ. ವಿ ಸುಯೆನ್ ಹುತಾತ್ಮರ ಸ್ಮಶಾನ. ಎರಡನೇ ನಂಬರ್ ಹೆದ್ದಾರಿಯ ಪಕ್ಕದಲ್ಲೇ ಇದೆ. 1,800ಕ್ಕೂ ಹೆಚ್ಚು ಸಮಾಧಿಗಳು. ಅವುಗಳಲ್ಲಿ ಹೆಚ್ಚಿನವು ಅಮೆರಿಕದ ಯುದ್ಧದವಲ್ಲ. ಅದು ಮುಗಿದು ಹತ್ತು ವರ್ಷದ ಹೊತ್ತಿಗೆ, ಇಲ್ಲಿಂದ ಕಾಣುವ ಬೆಟ್ಟಗಳಲ್ಲಿ ಚೀನಾದ ಸೈನ್ಯದ ಎದುರು ಸತ್ತ ಹುಡುಗರವು. ಬಸ್ಸಿನಲ್ಲಿ ಎಲ್ಲರೂ ಕಂಬಳಿ ಹೊದ್ದು ಮಲಗಿರುತ್ತಾರೆ. ಡ್ರೈವರ್ ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದ ಕಾರಣವೂ ಇಲ್ಲ, ಯಾರೂ ಟಿಕೆಟ್ ತೆಗೆದುಕೊಂಡಿರುವುದು ಅಲ್ಲಿಗಲ್ಲ.

ಅಂದಹಾಗೆ, ಹಾ ಜಿಯಾಂಗ್ ಅನ್ನುವ ಪ್ರಾಂತ್ಯ ಕಾಗದದ ಮೇಲೆ ಈಗ ಇಲ್ಲ. 2025ರ ಜುಲೈ 1ರಂದು ಅದನ್ನು ಪಕ್ಕದ ತುಯೆನ್ ಕ್ವಾಂಗ್ ಜೊತೆ ಸೇರಿಸಿದರು. ಹಿಂದೆಯೂ ಹೀಗೆ ಆಗಿತ್ತು. 1976ರಿಂದ 1991ರವರೆಗೆ ಎರಡೂ ಸೇರಿ ಹಾ ತುಯೆನ್ ಎಂದಿತ್ತು. ಯುದ್ಧ ನಡೆದದ್ದು ಪೂರ್ತಿ ಆ ಹೆಸರಿನ ಕಾಲದಲ್ಲೇ. ಹಳೆಯ ಸೈನಿಕರು ಇಂದಿಗೂ ಹಾ ತುಯೆನ್ ಅಂತಲೇ ಹೇಳುವುದುಂಟು. ಪ್ರವಾಸಿಗರು ಮಾತ್ರ ಹಾ ಜಿಯಾಂಗ್ ಅನ್ನುವುದನ್ನು ಬಿಟ್ಟಿಲ್ಲ. ನಾನೂ ಅದನ್ನೇ ಬಳಸುತ್ತೇನೆ.

ಸುಣ್ಣದ ಗೂಡು

1979ರ ಫೆಬ್ರವರಿ 17ರ ಬೆಳಗ್ಗೆ ಚೀನಾ ವಿಯೆಟ್ನಾಮಿನ ಉತ್ತರದ ಗಡಿ ಪ್ರಾಂತ್ಯಗಳ ಮೇಲೆ ಒಟ್ಟಿಗೆ ನುಗ್ಗಿತು. ಆ ದಿನ ನಮ್ಮ ವಿದೇಶಾಂಗ ಸಚಿವರಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಚೀನಾದಲ್ಲೇ ಇದ್ದರು. 1962ರ ನಂತರ ಸಂಬಂಧ ಸರಿಮಾಡಲು ಹೋಗಿದ್ದ ಪ್ರವಾಸ ಅದು. ಸುದ್ದಿ ತಿಳಿದು ಪ್ರವಾಸ ಮೊಟಕು ಮಾಡಿ ವಾಪಸ್ ಬಂದರು. ಅದು ನಮ್ಮಲ್ಲಿ ಹಲವರಿಗೆ ನೆನಪಿದೆ. ಸುಮಾರು ಒಂದು ತಿಂಗಳಲ್ಲಿ ಚೀನಾದ ಪಡೆ ಹಿಂದಕ್ಕೆ ಹೋಯಿತು, ಪುಸ್ತಕಗಳಲ್ಲಿ ಯುದ್ಧ ಮುಗಿಯಿತು. ವಿ ಸುಯೆನ್ ಕಡೆ ಮುಗಿಯಲಿಲ್ಲ. 1984ರ ಏಪ್ರಿಲ್ 28ರಂದು ಚೀನಾದ ಪಡೆಗಳು ಇಲ್ಲಿನ ಎತ್ತರದ ಬೆಟ್ಟಗಳನ್ನು ಹಿಡಿದವು. ಅವುಗಳಲ್ಲಿ ಮುಖ್ಯವಾದದ್ದು 1509 ಮೀಟರ್ ಎತ್ತರದ ಬೆಟ್ಟ. ವಿಯೆಟ್ನಾಮಿನವರು ಅದನ್ನು ಅಂಕಿಯಿಂದಲೇ ಕರೆಯುತ್ತಾರೆ, ಚೀನಾದವರು ಲಾವ್‌ಶಾನ್ ಅನ್ನುತ್ತಾರೆ. ಅದೇ ವರ್ಷದ ಜುಲೈ 12ರಂದು ವಿಯೆಟ್ನಾಂ ಆ ಬೆಟ್ಟಗಳನ್ನು ಮತ್ತೆ ಹಿಡಿಯಲು ಪ್ರಯತ್ನಿಸಿತು. ಒಂದೇ ದಿನದಲ್ಲಿ ನೂರಾರು ಜನ ಸತ್ತರು. ವಿಯೆಟ್ನಾಂ ಸೈನ್ಯದ 356ನೇ ಡಿವಿಷನ್‌ನಲ್ಲಿ ಬದುಕುಳಿದವರು ಇಂದಿಗೂ ಪ್ರತಿ ವರ್ಷ ಜುಲೈ 12ನ್ನು ತಮ್ಮ ಜೊತೆಗಾರರ ತಿಥಿಯ ದಿನವಾಗಿ ಆಚರಿಸುತ್ತಾರೆ. ಮನೆಯಲ್ಲಿ ಅಪ್ಪನ ತಿಥಿ ಇದ್ದ ಹಾಗೆ ಸೈನ್ಯಕ್ಕೂ ಒಂದು ತಿಥಿ.

ಆ ಬೆಟ್ಟಗಳು ಸುಣ್ಣಕಲ್ಲಿನವು. ಐದು ವರ್ಷ ಅವುಗಳ ಮೇಲೆ ಎರಡೂ ಕಡೆಯಿಂದ ಫಿರಂಗಿ ಗುಂಡು ಬಿತ್ತು. ಕಲ್ಲು ಒಡೆದು, ಪುಡಿಯಾಗಿ, ಬೆಟ್ಟದ ತಲೆಯೇ ಬೆಳ್ಳಗಾಯಿತು. ಸೈನಿಕರು ಅದಕ್ಕೆ 'ಶತಮಾನದ ಸುಣ್ಣದ ಗೂಡು' ಎಂದು ಹೆಸರಿಟ್ಟರು. 1984ರಿಂದ 1989ರವರೆಗೆ ಈ ಕಣಿವೆಯಲ್ಲಿ ವಿಯೆಟ್ನಾಮಿನ ಕಡೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಅಲ್ಲಿನವರು ಲೆಕ್ಕ ಹೇಳುತ್ತಾರೆ. ಗಡಿಯ ಆಚೆ, ಚೀನಾದ ಮಾಲಿಪೊ ಎಂಬ ಊರಿನಲ್ಲಿ ಅವರದೂ ಒಂದು ಸ್ಮಶಾನ ಇದೆ. ಅಲ್ಲಿ ಒಂಬೈನೂರಕ್ಕೂ ಹೆಚ್ಚು ಸಮಾಧಿ. ಎರಡೂ ಕಡೆಯ ಮಕ್ಕಳ ವಯಸ್ಸು ಒಂದೇ.

1991ರಲ್ಲಿ ಎರಡೂ ದೇಶಗಳು ಮತ್ತೆ ರಾಜಿಯಾದವು. 1999ರಲ್ಲಿ ಗಡಿ ಒಪ್ಪಂದವಾಯಿತು, 2008ರ ಕೊನೆಗೆ ಗಡಿಕಲ್ಲು ನೆಡುವ ಕೆಲಸ ಮುಗಿಯಿತು. ಆ ರಾಜಿಯ ಜೊತೆಗೆ ಒಂದು ಮೌನವೂ ಬಂತು. ಪಾಠಪುಸ್ತಕಗಳಲ್ಲಿ ಈ ಯುದ್ಧಕ್ಕೆ ಸಿಕ್ಕಿದ್ದು ಕೆಲವೇ ಸಾಲು. ಅಮೆರಿಕವನ್ನು ಸೋಲಿಸಿದ ಕಥೆಯನ್ನು ಎಷ್ಟು ಜೋರಾಗಿ ಬೇಕಾದರೂ ಹೇಳಬಹುದು, ಅಮೆರಿಕ ದೂರ ಇದೆ. ಮಗ್ಗುಲಲ್ಲೇ ಮಲಗಿರುವ ದೊಡ್ಡ ನೆರೆಯವರ ಬಗ್ಗೆ ಹಾಗೆ ಮಾತಾಡಲು ಆಗುವುದಿಲ್ಲ. ವ್ಯಾಪಾರ ಇದೆ, ನದಿಯ ನೀರು ಮೇಲಿನಿಂದ ಬರುತ್ತದೆ. ನನಗೆ ಇದು ಅರ್ಥವಾಗುತ್ತದೆ. ಆದರೂ ಹತ್ತೊಂಬತ್ತು ವರ್ಷಕ್ಕೆ ಸತ್ತ ಮಗನ ತಾಯಿಗೆ ಇದನ್ನು ಯಾರು ಹೇಳಬೇಕು, ಹೇಗೆ ಹೇಳಬೇಕು ಅನ್ನುವುದು ನನಗೆ ತಿಳಿಯದು.

ಹಚ್ಚಿಟ್ಟ ಸಿಗರೇಟು

ನಮ್ಮ ದೇಶದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ವಿಯೆಟ್ನಾಮಿನಲ್ಲಿ ನಡೆಯುವುದಿಲ್ಲ. ನಾವು ಸಹಿ ಹಾಕಿರುವುದು 1949ರ ರಸ್ತೆ ಸಂಚಾರ ಒಪ್ಪಂದಕ್ಕೆ, ಅವರು ಒಪ್ಪುವುದು 1968ರದನ್ನು. ಹಾಗಾಗಿ ಬೈಕಿನಲ್ಲಿ ಹಿಂದೆ ಕೂರುವುದೇ ಸರಿಯಾದ ದಾರಿ. ಬೈಕ್ ಓಡಿಸುವ ಸ್ಥಳೀಯ ಹುಡುಗರು ಸಿಗುತ್ತಾರೆ. ನನಗೆ ಸಿಕ್ಕ ಹುಡುಗ ತಾಯ್ ಸಮುದಾಯದವನು, ಗಡಿಯ ಹತ್ತಿರದ ಥಾನ್ ಥೂಯಿ ಊರಿನವನು. ಅವನಿಗೆ ಇಂಗ್ಲಿಷ್ ಸ್ವಲ್ಪ ಬರುತ್ತಿತ್ತು, ಉಳಿದದ್ದನ್ನು ಫೋನಿಗೆ ಹೇಳಿ ಅನುವಾದ ಮಾಡಿಸುತ್ತಿದ್ದ. ನಾನು ವಿ ಸುಯೆನ್‌ಗೆ ಮೊದಲು ಹೋಗೋಣ ಅಂದಾಗ ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಏನೂ ಹೇಳದೆ ಅಂಗಡಿಯೊಂದರ ಮುಂದೆ ನಿಲ್ಲಿಸಿ ಎರಡು ಕಟ್ಟು ಊದುಬತ್ತಿ, ಒಂದು ಪ್ಯಾಕ್ ಸಿಗರೇಟು ತಂದ. ಸಿಗರೇಟು ಅವನಿಗೆ ಅಂದುಕೊಂಡೆ.

ಸ್ಮಶಾನ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇದೆ. ಎಲ್ಲ ಸಮಾಧಿಗಳೂ ಒಂದೇ ಅಳತೆಯವು. ಪ್ರತಿಯೊಂದರ ಮುಂದೆ ಊದುಬತ್ತಿ ಚುಚ್ಚಲು ಒಂದು ಪುಟ್ಟ ಪಿಂಗಾಣಿ ಬಟ್ಟಲು. ಹೆಸರು, ಹುಟ್ಟಿದ ವರ್ಷ, ಊರು, ಸತ್ತ ದಿನ. 1964, 1965, 1966 ಅಂತ ಹುಟ್ಟಿದ ವರ್ಷ ಓದುತ್ತಾ ಹೋದರೆ ಕಣ್ಣು ತಾನಾಗಿಯೇ ಕಳೆಯುವ ಲೆಕ್ಕ ಮಾಡಲು ಶುರು ಮಾಡುತ್ತದೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಅವರಲ್ಲಿ ಎಷ್ಟೋ ಜನ ದೂರದ ಬಯಲು ಸೀಮೆಯ ಜಿಲ್ಲೆಗಳಿಂದ ಬಂದವರು. ಹುಟ್ಟಿದಾಗಿನಿಂದ ಬತ್ತದ ಗದ್ದೆ ನೋಡಿದವರು ಕಲ್ಲಿನ ಬೆಟ್ಟದ ಮೇಲೆ ಬಂದು ಸತ್ತರು. ಹೆಸರಿಲ್ಲದ ಸಮಾಧಿಗಳೂ ನೂರಾರು ಇವೆ. ಒಳಗೆ ಯಾರೋ ಇದ್ದಾರೆ, ಯಾರೆಂದು ಗೊತ್ತಿಲ್ಲ. ಇನ್ನೂ ಎಷ್ಟೋ ಜನರ ಮೂಳೆ ಬೆಟ್ಟದಿಂದ ಕೆಳಗೆ ಬಂದೇ ಇಲ್ಲ, ಅಲ್ಲಿ ಹುಗಿದ ನೆಲಬಾಂಬುಗಳ ನಡುವೆಯೇ ಇದೆ. ಸೈನ್ಯದವರು ಬಾಂಬು ತೆಗೆಯುತ್ತಾ, ಮೂಳೆ ಹುಡುಕುತ್ತಾ ಈಗಲೂ ಹತ್ತುತ್ತಿದ್ದಾರೆ.

ಹುಡುಗ ಊದುಬತ್ತಿ ಕಟ್ಟನ್ನು ಬಿಚ್ಚಿ ಅರ್ಧ ನನಗೆ ಕೊಟ್ಟ. ಒಂದೊಂದು ಬಟ್ಟಲಿಗೆ ಒಂದೊಂದು ಎಂದು ಸನ್ನೆ ಮಾಡಿದ. ಆಮೇಲೆ ಸಿಗರೇಟು ಪ್ಯಾಕ್ ಒಡೆದ. ಒಂದನ್ನು ಬಾಯಲ್ಲಿಟ್ಟು ಹಚ್ಚಿ, ಒಂದು ದಮ್ಮು ಎಳೆದು, ಅದನ್ನು ಹೆಸರಿಲ್ಲದ ಒಂದು ಸಮಾಧಿಯ ಬಟ್ಟಲಿನ ಅಂಚಿಗೆ ಇಟ್ಟ. ಇನ್ನೊಂದು ಹಚ್ಚಿದ, ಪಕ್ಕದ ಸಮಾಧಿಗೆ ಇಟ್ಟ. ಹಾಗೆ ಪ್ಯಾಕ್ ಖಾಲಿಯಾಗುವ ತನಕ. ಹಳೆಯ ಸೈನಿಕರು ಬಂದಾಗ ಹೀಗೆ ಮಾಡುತ್ತಾರಂತೆ. ಬೆಟ್ಟದ ಮೇಲೆ ಒಂದು ಸಿಗರೇಟನ್ನು ನಾಲ್ಕು ಜನ ಹಂಚಿಕೊಳ್ಳುತ್ತಿದ್ದರು, ಈಗ ಒಬ್ಬೊಬ್ಬರಿಗೆ ಒಂದೊಂದು ಇರಲಿ ಅಂತ. ಅವನು ಹುಟ್ಟಿದ್ದು ಯುದ್ಧ ಮುಗಿದು ಹತ್ತು ವರ್ಷವಾದ ಮೇಲೆ. ಸಣ್ಣವನಿದ್ದಾಗಿನಿಂದ ನೋಡಿ ಕಲಿತದ್ದು.

ಒಂದು ಬಂದೂಕಿನ ಮರದ ಹಿಡಿಯ ಮೇಲೆ ಕೆತ್ತಿದ ಮಾತು ಇಲ್ಲಿ ಎಲ್ಲರಿಗೂ ಬಾಯಿಪಾಠ. ಬದುಕಿದ್ದರೆ ಕಲ್ಲಿಗೆ ಅಂಟಿಕೊಂಡಿರುತ್ತೇವೆ, ಸತ್ತರೆ ಕಲ್ಲೇ ಆಗುತ್ತೇವೆ ಅನ್ನುವ ಅರ್ಥದ್ದು. ಕೆತ್ತಿದವನ ಹೆಸರು ನುಯೆನ್ ವಿಯೆತ್ ನಿನ್. 1985ರಲ್ಲಿ ಇದೇ ಬೆಟ್ಟದಲ್ಲಿ ಸತ್ತ. ಇಂಥ ಮಾತುಗಳನ್ನು ಸ್ಮಾರಕದ ಗೋಡೆಯ ಮೇಲೆ ಓದಿದರೆ ಮನಸ್ಸಿಗೆ ತಟ್ಟುವುದು ಕಡಿಮೆ. ಆ ಬೆಟ್ಟ ನೋಡಿದ ಮೇಲೆ ಬೇರೆಯೇ. ಅಲ್ಲಿ ಅಂಟಿಕೊಳ್ಳಲು ಕಲ್ಲು ಬಿಟ್ಟು ಇನ್ನೇನೂ ಇಲ್ಲ.

ಸತ್ತವರ ಬಟ್ಟೆ

ಆಮೇಲೆ ನಾವೂ ಎಲ್ಲರ ಹಾಗೆ ಸುತ್ತು ಹೊರಟೆವು. ಕ್ವಾನ್ ಬಾ, ಯೆನ್ ಮಿನ್, ದೊಂಗ್ ವಾನ್, ಮೆಯೊ ವಾಕ್. ಇದು ಸುಣ್ಣಕಲ್ಲಿನ ಪ್ರಸ್ಥಭೂಮಿ, 2010ರಿಂದ ಯುನೆಸ್ಕೊ ಜಿಯೋಪಾರ್ಕ್. ಇಲ್ಲಿ ಹೆಚ್ಚಿನವರು ಹ್ಮಾಂಗ್ ಜನ. ಜೊತೆಗೆ ತಾಯ್, ಜಾವ್, ನುಂಗ್, ಲೊಲೊ ಹೀಗೆ ಹಲವು ಸಮುದಾಯ. ಪ್ರವಾಸದ ಪೋಸ್ಟರ್‌ಗಳಲ್ಲಿ ಇವರೆಲ್ಲ ಬಣ್ಣದ ಬಟ್ಟೆ ಹಾಕಿ ನಗುತ್ತಿರುತ್ತಾರೆ. ಘಾಟಿಯ ತಿರುವುಗಳಲ್ಲಿ ಸಣ್ಣ ಮಕ್ಕಳು ಬೆನ್ನಿಗೆ ಹೂವಿನ ಬುಟ್ಟಿ ಕಟ್ಟಿಕೊಂಡು ಫೋಟೊಗೆ ನಿಲ್ಲುತ್ತಾರೆ. ಜನ ಫೋಟೊ ತೆಗೆದು ದುಡ್ಡು ಕೊಟ್ಟು ಹೋಗುತ್ತಾರೆ. ಶಾಲೆಗೆ ಹೋಗಬೇಕಾದ ಹೊತ್ತಿನಲ್ಲಿ ಮಕ್ಕಳು ರಸ್ತೆಯಲ್ಲಿ ನಿಲ್ಲುವುದು ಈ ದುಡ್ಡಿನಿಂದಲೇ. ದಯವಿಟ್ಟು ಕೊಡಬೇಡಿ.

ನಾನು ಜಾಸ್ತಿ ಹೊತ್ತು ಕಳೆದದ್ದು ಲುಂಗ್ ತಾಮ್ ಎಂಬ ಹಳ್ಳಿಯಲ್ಲಿ. ಅಲ್ಲಿ ಹ್ಮಾಂಗ್ ಹೆಂಗಸರು ಒಂದು ಸಹಕಾರ ಸಂಘ ಮಾಡಿಕೊಂಡು ನಾರು ಬಟ್ಟೆ ನೇಯುತ್ತಾರೆ. ನಾರು ಬರುವುದು ಭಂಗಿ ಗಿಡದಿಂದ, ನಾರಿಗಾಗಿಯೇ ಒತ್ತಾಗಿ ಬೆಳೆಸುವ ಗಿಡ. ಒಣಗಿಸಿ, ಸಿಪ್ಪೆ ಸುಲಿದು, ಕುಟ್ಟಿ ಮೆದು ಮಾಡಿ, ಎಳೆ ಎಳೆಯಾಗಿ ಜೋಡಿಸುತ್ತಾರೆ. ಈ ಜೋಡಿಸುವ ಕೆಲಸಕ್ಕೆ ಕೂರಲೇಬೇಕೆಂದಿಲ್ಲ. ಸಂತೆಗೆ ನಡೆಯುವಾಗ, ಮಗು ಹೊತ್ತು ಗುಡ್ಡ ಹತ್ತುವಾಗ ಬೆರಳುಗಳು ಎಳೆ ಹೊಸೆಯುತ್ತಲೇ ಇರುತ್ತವೆ. ಆಮೇಲೆ ಬೂದಿ ನೀರಿನಲ್ಲಿ ಕುದಿಸುವುದು, ಒಗೆಯುವುದು, ಮತ್ತೆ ಕುದಿಸುವುದು. ನೇಯ್ದ ಬಟ್ಟೆಯನ್ನು ಹದ ಮಾಡುವುದನ್ನಂತೂ ನೋಡುತ್ತಲೇ ನಿಂತುಬಿಟ್ಟೆ. ನೆಲದ ಮೇಲೆ ಒಂದು ಮರದ ದಿಂಡು, ಅದಕ್ಕೆ ಬಟ್ಟೆ ಸುತ್ತಿರುತ್ತಾರೆ. ಅದರ ಮೇಲೆ ಚಪ್ಪಟೆ ಕಲ್ಲು. ಕಲ್ಲಿನ ಎರಡು ತುದಿಗೆ ಒಂದೊಂದು ಕಾಲಿಟ್ಟು ನಿಂತು ಎಡಕ್ಕೆ ಬಲಕ್ಕೆ ವಾಲುತ್ತಾ ಇರಬೇಕು. ದಿಂಡು ಉರುಳುತ್ತದೆ, ಕಲ್ಲು ಒತ್ತುತ್ತದೆ, ಬಟ್ಟೆ ನುಣುಪಾಗುತ್ತದೆ. ಅರವತ್ತು ದಾಟಿದ ಅಜ್ಜಿಯೊಬ್ಬರು ಹಾಗೆ ನಿಂತು, ಎರಡೂ ಕೈ ಬಿಟ್ಟು, ಪಕ್ಕದವರ ಜೊತೆ ಹರಟುತ್ತಾ ವಾಲುತ್ತಿದ್ದರು.

ಇಷ್ಟು ಕಷ್ಟಪಟ್ಟು ಏಕೆ? ಪೇಟೆಯಲ್ಲಿ ಚೀನಾದ ಪಾಲಿಯೆಸ್ಟರ್ ಲಂಗ ಅಗ್ಗಕ್ಕೆ ಸಿಗುತ್ತದೆ, ಹುಡುಗಿಯರು ಅದನ್ನೇ ಹಾಕುತ್ತಾರೆ. ಉತ್ತರ ನನಗೆ ಅಲ್ಲೇ ಸಿಕ್ಕಿತು. ಹ್ಮಾಂಗ್ ಜನರ ನಂಬಿಕೆಯಲ್ಲಿ ಸತ್ತವರಿಗೆ ಈ ನಾರು ಬಟ್ಟೆ ಉಡಿಸಲೇಬೇಕು. ಇಲ್ಲದಿದ್ದರೆ ಆ ಲೋಕದಲ್ಲಿ ಹಿರಿಯರು ಅವರನ್ನು ತಮ್ಮವರೆಂದು ಗುರುತು ಹಿಡಿಯುವುದಿಲ್ಲ. ಹಾಗಾಗಿ ಮನೆಯ ಹೆಂಗಸು ಬದುಕಿರುವವರಿಗೆ ನೇಯದಿದ್ದರೂ ಸಾಯುವ ದಿನಕ್ಕೆಂದು ನೇಯ್ದು ಪೆಟ್ಟಿಗೆಯಲ್ಲಿ ಇಟ್ಟಿರುತ್ತಾಳೆ. ತನಗೂ, ಗಂಡನಿಗೂ.

ಇದನ್ನು ಕೇಳಿದಾಗ ನನಗೆ ವಿ ಸುಯೆನ್‌ನ ಹೆಸರಿಲ್ಲದ ಸಮಾಧಿಗಳು ನೆನಪಾದವು. ಎರಡು ಜಾಗಗಳ ನಡುವೆ ಇರುವುದು ಒಂದು ಹೊತ್ತಿನ ದಾರಿ. ಒಂದು ಕಡೆ ಸತ್ತವರು ಯಾರೆಂದು ತಿಳಿಯಲು ಮೂಳೆಯ ಡಿಎನ್‌ಎ ಪರೀಕ್ಷೆ ಮಾಡಿಸುತ್ತಿದ್ದಾರೆ. ಇನ್ನೊಂದು ಕಡೆ ಗುರುತು ಸಿಗದೆ ಹೋದೀತೆಂದು ಹತ್ತಾರು ವರ್ಷ ಮೊದಲೇ ಬಟ್ಟೆ ನೇಯುತ್ತಾರೆ. ನಾವು ಇವೆರಡನ್ನೂ ಬೇರೆ ಬೇರೆ ಪುಟದಲ್ಲಿ ಓದುತ್ತೇವೆ. ಒಂದು ಯುದ್ಧದ ಇತಿಹಾಸ, ಇನ್ನೊಂದು ಬುಡಕಟ್ಟು ಸಂಸ್ಕೃತಿ. ನೆಲದ ಮೇಲೆ ಹಾಗೆ ಗೆರೆ ಇಲ್ಲ. ಫಿರಂಗಿ ಗುಂಡು ಬಿದ್ದದ್ದು ಇದೇ ಜನರ ಗುಡ್ಡಗಳ ಮೇಲೆ. ಸೈನಿಕರಿಗೆ ಅಕ್ಕಿ, ಮದ್ದುಗುಂಡು ಹೊತ್ತವರಲ್ಲಿ, ಗಾಯಗೊಂಡವರನ್ನು ಇಳಿಸಿದವರಲ್ಲಿ ಇವರೂ ಇದ್ದರು.

ಕಲ್ಲಿನ ಸಂದಿಯ ಜೋಳ

ದೊಂಗ್ ವಾನ್ ಕಡೆ ಹೊಲ ಅಂದರೆ ಕಲ್ಲು. ಬಂಡೆಗಳ ನಡುವೆ ಎಲ್ಲಿ ಒಂದು ಗುಳಿ ಇದೆಯೋ ಅಲ್ಲಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ತುಂಬುತ್ತಾರೆ. ಮಣ್ಣು ಕೊಚ್ಚಿ ಹೋಗದ ಹಾಗೆ ಸುತ್ತ ಸಣ್ಣ ಕಲ್ಲು ಕಟ್ಟುತ್ತಾರೆ. ಆ ಗುಳಿಗೆ ಎರಡು ಮೂರು ಕಾಳು ಮುಸುಕಿನ ಜೋಳ. ಹಾಗೆ ಗುಳಿ ಗುಳಿಗೆ ಬಿತ್ತಿದ ಜೋಳವೇ ವರ್ಷದ ಊಟ. ಅದನ್ನು ಬೀಸಿ, ನೀರು ಚಿಮುಕಿಸಿ, ಹಬೆಯಲ್ಲಿ ಎರಡು ಸಲ ಬೇಯಿಸಿದರೆ ಮೆನ್ ಮೆನ್ ಆಗುತ್ತದೆ. ಸಂತೆಯಲ್ಲಿ ತಿಂದೆ. ನಮ್ಮ ಜೋಳದ ನುಚ್ಚಿನ ಹಾಗೆಯೇ, ಸ್ವಲ್ಪ ಒಣ. ಸೊಪ್ಪಿನ ಸಾರು ಕೊಟ್ಟರು, ಕಲಸಿಕೊಂಡು ತಿಂದರೆ ಗಂಟಲಲ್ಲಿ ಸಲೀಸಾಗಿ ಇಳಿಯಿತು. ನೀರಿಗೂ ಕಷ್ಟದ ನಾಡು ಇದು. ಸುಣ್ಣಕಲ್ಲು ಮಳೆನೀರನ್ನೆಲ್ಲ ಕುಡಿದುಬಿಡುತ್ತದೆ. ಈಗ ಗುಡ್ಡದ ಮೇಲೆ ದೊಡ್ಡ ತೊಟ್ಟಿಗಳನ್ನು ಕಟ್ಟಿ ನೀರು ಹಿಡಿದಿಡುತ್ತಾರೆ.

ನಾವು ಬೈಕಿನಲ್ಲಿ ಓಡಾಡುವ ರಸ್ತೆಗೆ ಸಂತಸದ ರಸ್ತೆ ಎಂದು ಹೆಸರು. 1959ರಲ್ಲಿ ಶುರು ಮಾಡಿ 1965ರಲ್ಲಿ ಮುಗಿಸಿದರು. ಹಾ ಜಿಯಾಂಗ್‌ನಿಂದ ಮೆಯೊ ವಾಕ್‌ವರೆಗೆ ಸುಮಾರು 185 ಕಿಲೋಮೀಟರ್. ಎಂಟು ಪ್ರಾಂತ್ಯಗಳ, ಹದಿನಾರು ಸಮುದಾಯಗಳ ಸಾವಿರಕ್ಕೂ ಹೆಚ್ಚು ಹುಡುಗ ಹುಡುಗಿಯರು ಸುತ್ತಿಗೆ, ಹಾರೆ ಹಿಡಿದು ಕಡಿದ ದಾರಿ. ಮಾ ಪಿ ಲೆಂಗ್ ಘಾಟಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ, ಬಂಡೆಗೆ ನೇತಾಡುತ್ತಾ, ಹನ್ನೊಂದು ತಿಂಗಳು ಕಲ್ಲು ಒಡೆದರು. ಕೆಳಗೆ ನ್ಯೊ ಕ್ವೆ ನದಿ ಹಸಿರಾಗಿ ಕಾಣುತ್ತದೆ, ದೋಣಿಗಳು ಚುಕ್ಕಿಯಷ್ಟು. ಕೆಲಸದಲ್ಲಿ ಸತ್ತವರ ಸಮಾಧಿ ಯೆನ್ ಮಿನ್‌ನಲ್ಲಿದೆ. ಆ ರಸ್ತೆ ಬರುವ ಮೊದಲು ಒಂದು ಚೀಲ ಉಪ್ಪು ತರಲು ಮಲೆಯವರು ದಿನಗಟ್ಟಲೆ ನಡೆಯಬೇಕಿತ್ತು. ಹಾಗಾಗಿ ಆ ಹೆಸರು ಉತ್ಪ್ರೇಕ್ಷೆ ಅಂತ ನನಗೆ ಅನ್ನಿಸಲಿಲ್ಲ.

ಲುಂಗ್ ಕುವಿನ ಧ್ವಜಸ್ತಂಭಕ್ಕೆ ಎಲ್ಲರೂ ಹೋಗುತ್ತಾರೆ, ನಾನೂ ಹೋದೆ. ದೇಶದ 54 ಸಮುದಾಯಗಳ ಲೆಕ್ಕಕ್ಕೆ 54 ಚದರ ಮೀಟರ್ ಬಾವುಟ. ಅದಕ್ಕಿಂತ ಅದರ ಬುಡದಲ್ಲಿರುವ ಲೊಲೊ ಹಳ್ಳಿ ಹಿಡಿಸಿತು, ಮಣ್ಣು ಗುದ್ದಿ ಕಟ್ಟಿದ ದಪ್ಪ ಗೋಡೆಯ ಮನೆಗಳು. ಗಡಿ ಅಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆಚೆ ಕಡೆಯೂ ಇವರದೇ ನೆಂಟರು. ಫ್ರೆಂಚರು ಮತ್ತು ಚೀನಾದ ದೊರೆಗಳು 1887ರಲ್ಲಿ, 1895ರಲ್ಲಿ ಗೆರೆ ಎಳೆದಾಗ ಇವರನ್ನು ಯಾರೂ ಕೇಳಲಿಲ್ಲ. ಸಂತೆಗೆ, ಮದುವೆಗೆ, ಸಾವಿಗೆ ಇವರು ದಾಟುತ್ತಲೇ ಇದ್ದರು. ಕಳೆದ ಕೆಲವು ವರ್ಷಗಳಲ್ಲಿ ಚೀನಾ ಎತ್ತರದ ತಂತಿ ಬೇಲಿ ಹಾಕಿದೆ. ತಲೆಮಾರುಗಳಿಂದ ಬಂದ ಓಡಾಟಕ್ಕೆ ಈಗ ಬೇಲಿ ಅಡ್ಡ ಬಂದಿದೆ. ನನಗೆ ಇದು ತುಂಬಾ ಬೇಜಾರಿನ ವಿಷಯ.

ಅಜ್ಜಿ ಕೇಳಿದ ಪ್ರಶ್ನೆ

ಸುತ್ತು ಮುಗಿಸಿ ವಾಪಸ್ ಬಂದಾಗ ಹುಡುಗ ತನ್ನ ಮನೆಗೆ ಕರೆದ. ಮರದ ಕಂಬಗಳ ಮೇಲೆ ನಿಂತ ತಾಯ್ ಮನೆ, ಸುತ್ತ ಗದ್ದೆ, ಎದುರಿಗೆ ಆ ಬೆಟ್ಟಗಳು. ಈಗ ಪೂರ್ತಿ ಹಸಿರು. ಸ್ವಲ್ಪ ದೂರದಲ್ಲಿ ಗಡಿಯ ಗೇಟು, ಲಾರಿಗಳ ಸಾಲು. ಅವನ ಅಜ್ಜಿ ಒಲೆಯ ಪಕ್ಕ ಕೂತಿದ್ದರು. ಅವರು ಹೇಳುತ್ತಾ ಹೋದರು, ಮೊಮ್ಮಗ ಫೋನಿಗೆ ಹೇಳುತ್ತಾ ಹೋದ. 1984ರಲ್ಲಿ ಊರನ್ನೇ ಖಾಲಿ ಮಾಡಿಸಿದರು. ಅವರ ಹೊಟ್ಟೆಯಲ್ಲಿ ಮಗು, ಕೈಯಲ್ಲಿ ಇನ್ನೊಂದು. ಬಿತ್ತನೆ ಬತ್ತದ ಚೀಲ ಗಂಡನ ಹೆಗಲಲ್ಲಿ. ಎಮ್ಮೆಯನ್ನು ಬಿಟ್ಟು ಬರಬೇಕಾಯಿತು. ವರ್ಷಗಳಾದ ಮೇಲೆ ಹಿಂದಿರುಗಿದರೆ ಮನೆ ಇರಲಿಲ್ಲ, ಗದ್ದೆಯ ಬದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಎಲ್ಲಿ ಗುದ್ದಲಿ ಹಾಕಿದರೂ ಭಯ. ಊರಿನಲ್ಲಿ ಕಾಲು ಕಳೆದುಕೊಂಡವರು ಯುದ್ಧ ನಡೆಯುವಾಗಿಗಿಂತ ಆಮೇಲೆ ಉಳುಮೆಗೆ ಹೋದಾಗಲೇ ಜಾಸ್ತಿ ಅಂದರು. ಹೇಳುವಾಗ ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಮಧ್ಯೆ ಮಧ್ಯೆ ನನ್ನ ತಟ್ಟೆಗೆ ಐದು ಬಣ್ಣದ ಅಂಟಕ್ಕಿಯ ಅನ್ನ ಹಾಕುತ್ತಲೇ ಇದ್ದರು.

ಆಮೇಲೆ ಅವರು ನನ್ನನ್ನು ಕೇಳಿದರು. ನಿಮ್ಮ ದೇಶಕ್ಕೂ ಅವರ ಜೊತೆ ಬೆಟ್ಟದ ಗಡಿ ಇದೆಯಂತಲ್ಲ, ಅಲ್ಲೂ ಯುದ್ಧ ಆಗಿತ್ತಾ? ಆಗಿತ್ತು ಅಜ್ಜಿ, 1962ರಲ್ಲಿ ಅಂದೆ. ಆ ಬೆಟ್ಟದಲ್ಲಿ ಊರುಗಳಿದ್ದವಾ? ಇದ್ದವು. ತವಾಂಗ್ ಅಂತ, ಮೊನ್ಪಾ ಅನ್ನುವ ಜನ. ಅವರು ಎಲ್ಲಿಗೆ ಹೋದರು? ಬಹಳ ಜನ ಕೆಳಗೆ ಅಸ್ಸಾಮಿನ ಕಡೆ ನಡೆದು ಹೋದರು ಅಂದೆ. ವಾಪಸ್ ಬಂದರಾ? ಬಂದರು. ಬಂದಾಗ ಹೊಲ ಹೇಗಿತ್ತು?

ಅರುಣಾಚಲದ ಸೇಲಾ ಕಣಿವೆಯ ಕಾಳಗ ನನಗೆ ಗೊತ್ತು. ನೂರಾನಂಗ್‌ನಲ್ಲಿ ಹೋರಾಡಿ ಸತ್ತ ಜಸ್ವಂತ್ ಸಿಂಗ್, ಬುಮ್ ಲಾ ಬಳಿ ಹೋರಾಡಿದ ಜೋಗಿಂದರ್ ಸಿಂಗ್, ಇವರ ಹೆಸರು ಗೊತ್ತು. ತವಾಂಗ್ ಬಿದ್ದ ತಾರೀಖು ಅಕ್ಟೋಬರ್ 24 ಅಂತಲೂ ಗೊತ್ತು. ಆ ಊರಿನ ಜನ ತಿರುಗಿ ಬಂದಾಗ ಹೊಲ ಹೇಗಿತ್ತು, ಆ ಚಳಿಗಾಲ ಏನು ತಿಂದರು ಅನ್ನುವುದನ್ನು ನಾನು ಎಲ್ಲೂ ಓದಿಲ್ಲ. ಯಾರೂ ನನ್ನನ್ನು ಕೇಳಿರಲೂ ಇಲ್ಲ. ಅಜ್ಜಿಗೆ ಹಾಗೆಯೇ ಹೇಳಿದೆ. ಅವರು ತಲೆಯಾಡಿಸಿ, ಅಲ್ಲಿ ನನ್ನ ವಯಸ್ಸಿನವರು ಇನ್ನೂ ಇರಬೇಕಲ್ವಾ, ಅವರನ್ನೇ ಕೇಳು ಅಂದರು.

ಮುಂದಿನ ಏಪ್ರಿಲ್‌ಗೆ ತವಾಂಗ್‌ಗೆ ಹೋಗಲು ರಜೆ ಕೇಳಿದ್ದೇನೆ. 1962ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿರುತ್ತದೆ. ತಡ ಮಾಡುವ ಹಾಗಿಲ್ಲ.